ಕೆಳಗಿನ ಕೋಣೆಯ ಗಾಳಿಕಿಂಡಿ

ನವೆಂಬರ್ ೪, ಮಂಗಳವಾರ

ಪ್ರೀತಿಯ ಪುಟ್ಟು,

ಅಕ್ಕನ ಆಶೀರ್ವಾದ. ಟೀಚರಮ್ಮನಿಗೂ ತಿಳಿಸು. ನಿನ್ನ ಹೆಂಡತಿ ಶಾಲೆ ಬಿಟ್ಟು ಎಷ್ಟು ವರ್ಷವಾದರೂ ನನ್ನ ಬಾಯಲ್ಲಿ ಅವಳು ಟೀಚರಮ್ಮನೇ, ಬೈದುಕೊಳ್ಳುವುದಿದ್ದರೆ ಬೈದುಕೊಳ್ಳಲಿ. ನಾನು ಚೆನ್ನಾಗಿದ್ದೇನೆ. ಅಂದರೆ ಮಂಡಿಗಳನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅತಿಥಿಗಳಿದ್ದರು, ಚಾವಣಿಯ ಮೂಲೆ ಸೋರುತ್ತಿತ್ತು, ಹಾಸಿಗೆ ಬಟ್ಟೆ ಒಣಗಲಿಲ್ಲ ಅಂತೆಲ್ಲ ನೆಪ ಹೇಳಬಹುದು. ನಿನ್ನ ಹತ್ತಿರ ಅದೆಲ್ಲ ಯಾಕೆ. ಏನು ಬರೆಯಬೇಕು ಅಂತ ತೋಚಲಿಲ್ಲ, ಅದಕ್ಕೆ ಬರೆಯಲಿಲ್ಲ. ತಪ್ಪು ತಿಳಿಯಬೇಡ.

ಮೊದಲು ಸಂತೋಷದ ವಿಷಯ. ನೀನು ನಿವೃತ್ತಿ ತೆಗೆದುಕೊಳ್ಳುತ್ತಿರುವುದು, ರೈಲ್ವೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಗಿರುವುದು, ಡಿಸೆಂಬರಿಗೆ ಇಬ್ಬರೂ ಇಲ್ಲಿಗೇ ಬಂದುಬಿಡುತ್ತೇವೆ ಅಂತ ಬರೆದಿರುವುದು. ಅದನ್ನು ಬಾಗಿಲಲ್ಲಿ ನಿಂತೇ ಓದಿದೆ. ಅಂಚೆಯವನು ಏನಮ್ಮಾ ಕೆಟ್ಟ ಸುದ್ದಿಯಾ ಅಂತ ಕೇಳಿದ. ನನ್ನ ಮುಖ ಹಾಗಿತ್ತೇನೋ. ಇಲ್ಲಪ್ಪ, ನಮ್ಮ ಹುಡುಗ ಮನೆಗೆ ಬರ್ತಿದ್ದಾನೆ ಅಂದೆ. ತಲೆ ನರೆತ ನೀನು ಹುಡುಗ! ಅವನು ನಗುತ್ತಾ ಹೋದ. ಆಮೇಲೆ ಒಳಗೆ ಬಂದು ಪೆಟ್ಟಿಗೆಯಿಂದ ಹಸಿರು ಪರದೆಗಳನ್ನು ತೆಗೆದು ಬಿಸಿಲಿಗೆ ಹಾಕಿದೆ. ಉಟ್ಟ ಬಟ್ಟೆಯಲ್ಲೇ ನಿಮ್ಮ ಕೋಣೆಯ ನೆಲ ಒರೆಸಿದೆ. ಮಂಡಿ ಅವತ್ತು ಏನೂ ಅನ್ನಲಿಲ್ಲ.

ನಾಲ್ಕಾರು ಸಲ ಓದಿದ ಮೇಲೆ ಒಂದು ಸಾಲಿನ ಹತ್ತಿರ ಎಡವಲು ಶುರುವಾಯಿತು. 'ಹಳೆಯದನ್ನೆಲ್ಲ ನಾನು ಮರೆತಿದ್ದೇನೆ ಅಕ್ಕಾ, ನೀನೂ ಮರೆತುಬಿಡು' ಅಂತ ಬರೆದಿದ್ದೀಯ. ನೀನು ಮರೆಯಬೇಕಾಗಿದ್ದು ಏನು ಅಂತ ನನಗೆ ಗೊತ್ತು. ಗೆಸ್ಟ್ ಹೌಸ್ ಮಾಡುವ ಹುಚ್ಚಿಗೆ ಬಿದ್ದು ಒಡಹುಟ್ಟಿದವನನ್ನೇ ಮನೆಯಿಂದ ಕಳಿಸಿದಳು ಅಂತ ನೆಂಟರಿಷ್ಟರೆಲ್ಲ ಆಡಿಕೊಂಡರಲ್ಲ, ಅದು. ನಾನು ಆಗಲೂ ಯಾರಿಗೂ ಉತ್ತರ ಕೊಡಲಿಲ್ಲ, ಈಗಲೂ ಕೊಡುವುದಿಲ್ಲ. ಆದರೆ ನೀನು ನನ್ನನ್ನು ಕ್ಷಮಿಸಿ ಮನೆಗೆ ಬರುತ್ತಿದ್ದೀಯ ಅನ್ನುವ ಹಾಗೆ ಓದಿದಾಗಲೆಲ್ಲ ಕಾಗದ ಮಡಚಿ ಆಚೆ ಇಟ್ಟೆ. ಇರಲಿ. ಬರುತ್ತಿದ್ದೀಯಲ್ಲ, ಅದು ದೊಡ್ಡದು.

ಈಗ ಕೋಣೆಯ ವಿಷಯ. ನಮಗೆ ನಮ್ಮ ಹಳೆಯ ಕೆಳಗಿನ ಕೋಣೆಯನ್ನೇ ಕೊಡು ಅಂತ ಕೇಳಿದ್ದೀಯ. ಅದರ ಜೊತೆಗೇ, ಯಾರೋ ಅತಿಥಿಗಳು ಇಂಟರ್ನೆಟ್ಟಿನಲ್ಲಿ ಆ ಕೋಣೆಯ ಮೇಲೆ ದೂರು ಬರೆದಿದ್ದಾರೆ, ಒಳಗೆ ಆಡಿದ ಮಾತು ಹೊರಗೆ ಕೇಳುತ್ತಂತೆ, 'ಗೋಡೆಯಲ್ಲಿ ಎಲ್ಲೋ ಸಂದು ಬಿಟ್ಟಿರಬೇಕು, ನಾವು ಬರುವ ಮೊದಲು ಮೇಸ್ತ್ರಿಗೆ ಹೇಳಿ ಮುಚ್ಚಿಸು' ಅಂತಲೂ ಬರೆದಿದ್ದೀಯ. ಎಲ್ಲೋ ಸಂದು! ಓದಿ ನಗು ಬಂತು. ಮಗ್ಗಿಯ ಕಿಂಡಿ ಮರೆತೇಹೋಯಿತೇನೋ ನಿನಗೆ?

ಮರೆತಿದ್ದರೆ ನೆನಪಿಸುತ್ತೇನೆ. ಆದರೆ ಅದಕ್ಕೆ ಮನೆಯ ಕಥೆಯನ್ನೇ ಹೇಳಬೇಕು. ಇಲ್ಲಿಗೆ ಬಂದವರಿಗೆಲ್ಲ ಬೆಳಿಗ್ಗೆ ಚಹಾ ಆದಮೇಲೆ ಮನೆ ತೋರಿಸುವುದು ನನ್ನ ಕೆಲಸ. ಹೇಳಿ ಹೇಳಿ ಬಾಯಿಪಾಠವಾಗಿಬಿಟ್ಟಿದೆ, ನೀನೂ ಒಂದು ಸಲ ಅತಿಥಿಯ ಹಾಗೆ ಕೇಳಿಸಿಕೋ. ನಮ್ಮ ಮುತ್ತಜ್ಜ ಕಲ್ಲಿನ ಗುತ್ತಿಗೆದಾರ. ನದಿಗೆ ದೊಡ್ಡ ಸೇತುವೆ ಕಟ್ಟುತ್ತಾರೆ ಅಂತ ಕಲ್ಲು ಕಡಿಸಿ, ಯಾವುದು ಎಲ್ಲಿ ಕೂರಬೇಕು ಅಂತ ಒಂದೊಂದರ ಮೇಲೂ ಸಂಖ್ಯೆ ಕೊರೆಸಿ ಇಟ್ಟಿದ್ದ. ಅಷ್ಟರಲ್ಲಿ ಮೇಲಿನವರ ಮನಸ್ಸು ತಿರುಗಿತು, ಸೇತುವೆ ಕಬ್ಬಿಣದ್ದಾಯಿತು. ಕಲ್ಲಿನ ರಾಶಿ ಅವನ ತಲೆಮೇಲೆ ಬಿತ್ತು. ಸಿಟ್ಟಿನ ಮನುಷ್ಯ, ಅದೇ ಕಲ್ಲಲ್ಲಿ ಮನೆ ಕಟ್ಟಿಬಿಟ್ಟ. ಅದಕ್ಕೇ ಗೋಡೆಗಳು ಈ ಪಾಟಿ ದಪ್ಪ, ಕಿಟಕಿಯ ಕಟ್ಟೆಯ ಮೇಲೆ ಒಬ್ಬರು ಕಾಲು ಮಡಚಿಕೊಂಡು ಮಲಗಬಹುದು. ಅದಕ್ಕೇ ಹಜಾರದ ಕಮಾನು ಮನೆಗೆ ಬೇಕಾದ್ದಕ್ಕಿಂತ ಅಷ್ಟು ದೊಡ್ಡದು. ಅದರ ಕೆಳಗೆ ನೀರು ಹರಿಯಬೇಕಾಗಿತ್ತು, ಈಗ ಅತಿಥಿಗಳ ಚಪ್ಪಲಿ ಗೂಡು ಇದೆ. ಗೋಡೆಯಲ್ಲಿ ೪೧ನೇ ಕಲ್ಲಿನ ಪಕ್ಕ ೭, ಅದರ ಮೇಲೆ ತಲೆಕೆಳಗಾದ ೧೯. ಬಂದವರೆಲ್ಲ ಅದರ ಫೋಟೋ ತೆಗೆಯುತ್ತಾರೆ, ಏನೋ ಗುಟ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ಗುಟ್ಟೂ ಇಲ್ಲ ಏನೂ ಇಲ್ಲ, ಸಿಟ್ಟಿನಲ್ಲಿ ಸಿಕ್ಕಿದ್ದು ಸಿಕ್ಕ ಹಾಗೆ ಇಟ್ಟಿದ್ದಾನೆ ಅಂದರೆ ನಂಬುವುದಿಲ್ಲ.

ಆ ದಪ್ಪ ಗೋಡೆ ಒಳಗೆ ಗಟ್ಟಿಯಲ್ಲ. ಆಚೆ ಒಂದು ಪದರ, ಈಚೆ ಒಂದು ಪದರ, ನಡುವೆ ಕಲ್ಲುಚೂರು ಮತ್ತು ಸುಣ್ಣದ ಗಾರೆ. ಮೇಲಕ್ಕೆ ಹತ್ತುವ ಮೆಟ್ಟಿಲೇ ಗೋಡೆಯ ಹೊಟ್ಟೆಯಲ್ಲಿದೆ, ದಪ್ಪ ಇರುವವರು ಪಕ್ಕಕ್ಕೆ ತಿರುಗಿ ಹತ್ತಬೇಕು. ಹಾಗೆಯೇ ಒಂದು ಗಾಳಿಕಿಂಡಿ. ಕೆಳಗಿನ ಕೋಣೆ ಮುತ್ತಜ್ಜನ ಕಾಲದಲ್ಲಿ ಅಡಿಗೆಮನೆಯಾಗಿತ್ತು. ಒಲೆಯ ಬಿಸಿ ವ್ಯರ್ಥವಾಗಬಾರದು ಅಂತ ಗೋಡೆಯ ನಡುವೆ ಪೊಳ್ಳು ಬಿಡಿಸಿ ಮೇಲಿನ ಕೋಣೆಗೆ ಹಾಯಿಸಿದ್ದ. ಒಲೆ ಹೋಯಿತು, ಪೊಳ್ಳು ಉಳಿಯಿತು. ಬಿಸಿಯ ಬದಲು ಈಗ ಮಾತು ಮೇಲೆ ಬರುತ್ತದೆ. ಅಪ್ಪ ನಿನ್ನನ್ನು ಕೆಳಗೆ ನಿಲ್ಲಿಸಿ ಮಗ್ಗಿ ಕೇಳುತ್ತಿದ್ದರಲ್ಲ? ಹದಿನೇಳರ ಮಗ್ಗಿ ಬಂದರೆ ನಿನಗೆ ಬೆವರು. ನಾನು ಮೇಲಿನಿಂದ ಕಿಂಡಿಗೆ ಬಾಯಿಟ್ಟು ಪಿಸುಗುಡುತ್ತಿದ್ದೆ, ನೀನು ಪೊಳ್ಳಿನ ಬಾಯಿರುವ ಗೋಡೆಯ ಗೂಡಿಗೆ ಒರಗಿ ನಿಂತು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ಹುಡುಗ ಭಾರಿ ಬುದ್ಧಿವಂತ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ಬಂದರು. ರೈಲ್ವೆ ಪರೀಕ್ಷೆಯಲ್ಲಿ ಹೇಗೆ ಪಾಸಾದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ, ಅಲ್ಲಿ ಕಿಂಡಿ ಇರಲಿಲ್ಲ.

ನೀವಿದ್ದಾಗ ಆ ಗೂಡಿನ ಮುಂದೆ ಟೀಚರಮ್ಮನ ದೊಡ್ಡ ಮರದ ಬೀರು ಇತ್ತು. ಹಾಗಾಗಿ ನನಗೆ ಮೇಲೆ ಏನೂ ಕೇಳುತ್ತಿರಲಿಲ್ಲ, ಹೆದರಬೇಡ. ಕೆಳಗೆ ಯಾರೋ ಬೆಲ್ ಒತ್ತುತ್ತಿದ್ದಾರೆ. ಮಿಕ್ಕಿದ್ದು ಆಮೇಲೆ.

ಗುರುವಾರ, ಮಧ್ಯಾಹ್ನ

ಮೊನ್ನೆ ಬೆಲ್ ಒತ್ತಿದವರು ಔಷಧಿ ಕಂಪನಿಯವರು, ಮೂರು ಜನ. ಇವತ್ತು ಬೆಳಿಗ್ಗೆ ಹೋದರು. ಮನೆಯಲ್ಲಿ ಈಗ ನಾನೊಬ್ಬಳೇ, ನಲ್ಲಿ ತೊಟ್ಟಿಕ್ಕುವ ಸದ್ದೂ ಕೇಳುತ್ತಿದೆ. ಒಗೆದ ದಿಂಬಿನ ಚೀಲಗಳನ್ನು ಮಡಚಿಟ್ಟು ಕೂತಿದ್ದೇನೆ.

ಆ ದೂರಿನ ಕಥೆ ನಿನಗೆ ಹೇಳಬೇಕು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ನೀವು ಹೋದ ಮೇಲೆ ಬೀರು ಇತ್ತು, ಆದರೆ ಖಾಲಿ ಬೀರು. ಖಾಲಿ ಮರದ ಪೆಟ್ಟಿಗೆ ಮಾತು ತಡೆಯುವುದಿಲ್ಲ, ಇನ್ನೂ ದೊಡ್ಡದು ಮಾಡಿ ಕಳಿಸುತ್ತದೆ. ನಾನು ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವಳು, ನಿನಗೆ ಗೊತ್ತಲ್ಲ. ಅಲ್ಲಿ ಒಂದೇ ನಿಯಮ. ಇಬ್ಬರಿಗೂ ಲೈನ್ ಸಿಕ್ಕಿತು ಅಂತ ಗೊತ್ತಾದ ತಕ್ಷಣ ಅವರ ಮಾತು ಕೇಳಿಸುವ ಕೀ ಎತ್ತಿ ಹೊರಗೆ ಬಂದುಬಿಡಬೇಕು. ಅಲ್ಲಿದ್ದಷ್ಟು ವರ್ಷವೂ ಒಬ್ಬರ ಮಾತು ಕದ್ದು ಕೇಳಿದವಳಲ್ಲ. ಮನೆಯಲ್ಲಿ ಕೀ ಎಲ್ಲಿಂದ ಎತ್ತಲಿ? ಮಲಗಿದರೆ ದಿಂಬಿನ ಪಕ್ಕವೇ ಕಿಂಡಿ. ಮಂಚ ಆಚೆ ಸರಿಸಬಹುದಾಗಿತ್ತು. ಸರಿಸಲಿಲ್ಲ.

ಯಾಕೆ ಸರಿಸಲಿಲ್ಲ ಅಂದರೆ, ಬೇಕಾಗಿತ್ತು ಕಣೋ. ನನಗೆ ಯಾರಾದರೂ ಮಾತಾಡುವುದು ಬೇಕಾಗಿತ್ತು. ನನ್ನ ಹತ್ತಿರ ಮಾತಾಡುವವರು ಬೇಕಾದಷ್ಟು ಇದ್ದಾರೆ, ಬಿಸಿನೀರು ಬರುತ್ತಾ, ಸ್ಟೇಷನ್ನಿಗೆ ಎಷ್ಟು ದೂರ, ವೈಫೈ ಪಾಸ್‌ವರ್ಡ್ ಏನು. ಅದಲ್ಲ. ಒಬ್ಬರು ಇನ್ನೊಬ್ಬರಿಗೆ ಸುಮ್ಮನೆ ಆಡುವ ಮಾತು. ನನ್ನ ಕನ್ನಡಕ ನೋಡಿದೆಯಾ, ಕಾಲು ಆಚೆ ಇಡು, ನಾಳೆ ಅಮ್ಮನಿಗೆ ಫೋನ್ ಮಾಡಬೇಕು. ಅದು ಕಿವಿಗೆ ಬೀಳುತ್ತಿದ್ದರೆ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತದೆ. ಆ ಕೋಣೆ ಖಾಲಿ ಬಿದ್ದ ದಿನ ನನಗೆ ಊಟ ರುಚಿಸುವುದಿಲ್ಲ. ಹಾಗಾಗಿ ಯಾರೇ ಬಂದರೂ ಮೊದಲು ಆ ಕೋಣೆಯನ್ನೇ ತೋರಿಸುತ್ತೇನೆ. ಮೇಲೆ ಬಿಸಿಲು ಬೀಳುವ ಒಳ್ಳೆಯ ಕೋಣೆ ಇದೆ, ಅದು ಖಾಲಿಯಿದ್ದರೂ ರಿಪೇರಿ ನಡೀತಿದೆ ಅಂದುಬಿಡುತ್ತೇನೆ.

ಅದರಿಂದ ನನಗೆ ಒಳ್ಳೆಯ ಹೆಸರೂ ಬಂತು ನೋಡು. ದಿಂಬು ಎತ್ತರವಾಯಿತು ಅಂತ ಗಂಡನ ಹತ್ತಿರ ಗೊಣಗಿದರೆ ಐದು ನಿಮಿಷಕ್ಕೆ ನಾನು ತೆಳ್ಳಗಿನ ದಿಂಬು ಹಿಡಿದು ಬಾಗಿಲು ತಟ್ಟುತ್ತಿದ್ದೆ. ಚಹಾಕ್ಕೆ ಸಕ್ಕರೆ ಜಾಸ್ತಿ ಅಂತ ಒಳಗೆ ಅಂದುಕೊಂಡರೆ ಮಾರನೆಯ ದಿನ ಕಮ್ಮಿ. ಈ ಮನೆಯಾಕೆಗೆ ಕೇಳುವ ಮೊದಲೇ ಎಲ್ಲ ಗೊತ್ತಾಗುತ್ತೆ ಅಂತ ಜನ ಹೊಗಳಿ ಬರೆದದ್ದನ್ನು ನೀನೇ ಓದಿ ಫೋನಿನಲ್ಲಿ ಹೇಳಿದ್ದೆಯಲ್ಲ. ನಾನು ಸುಮ್ಮನೆ ಹೂಂ ಅಂದಿದ್ದೆ.

ಕೆಟ್ಟದ್ದಾಗಿದ್ದು, ಆ ದೂರು ಬರೆದ ನರ್ಸ್ ಹುಡುಗಿಯ ವಿಷಯದಲ್ಲಿ. ಗಂಡನ ಜೊತೆ ಬಂದಿದ್ದಳು, ಬಹಳ ಮೆದು ಸ್ವಭಾವ. ಎರಡು ಸಂಜೆ ಕೆಳಗೆ ಅದೇ ವಾದ. ಅವಳಿಗೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಅವನಿಗೆ ಇಷ್ಟವಿಲ್ಲ. ನಿನಗೆ ಬೇಡ ಅಂದ್ರೆ ಬಿಡ್ತೀನಿ ಬಿಡು ಅಂತ ಕೊನೆಗೆ ಅವಳು ಅಂದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಬೆಳಿಗ್ಗೆ ಮೊಟ್ಟೆಯ ತಟ್ಟೆ ಇಡುತ್ತಾ, ಯೋಚನೆಯೇ ಇಲ್ಲದೆ, ತಾಯಿ ಮಗಳಿಗೆ ಹೇಳುವ ಹಾಗೆ, "ಆ ಕೆಲಸ ಬಿಡಬೇಡಮ್ಮ" ಅಂದುಬಿಟ್ಟೆ. ಇಬ್ಬರೂ ನನ್ನನ್ನೇ ನೋಡಿದರು. ಆ ಹುಡುಗಿಯ ಮುಖ ನೋಡಬೇಕಿತ್ತು ನೀನು, ಬಟ್ಟೆ ಬದಲಾಯಿಸುವಾಗ ಯಾರೋ ಬಾಗಿಲು ತೆಗೆದ ಹಾಗೆ. ತಿಂಡಿ ಅರ್ಧಕ್ಕೇ ಬಿಟ್ಟು ಹೊರಟುಹೋದರು. ನಾನು ಗೇಟಿನ ತನಕ ಹಿಂದೆ ಹೋದೆ, ಅವಳು ತಿರುಗಿ ನೋಡಲಿಲ್ಲ. ನಾಚಿಕೆಯಿಂದ ಸತ್ತುಹೋದೆ ಪುಟ್ಟು.

ಇಷ್ಟಾದರೂ ಮುಚ್ಚಿಸಲು ಮನಸ್ಸು ಬರಲಿಲ್ಲ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಆರ್ಕಿಟೆಕ್ಟ್ ಹೆಂಗಸು ಒಬ್ಬಳು ಹೋದ ವಾರ ವಿದ್ಯಾರ್ಥಿಗಳ ಜೊತೆ ಬಂದು ಮನೆಯನ್ನೆಲ್ಲ ಅಳೆದುಕೊಂಡು ಹೋದಳು. ಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ, ಒಂದು ಕಡೆ ಟಣ್, ಒಂದು ಕಡೆ ಟೊಕ್. ಇಲ್ಲಿ ಪೊಳ್ಳಿದೆಯಲ್ಲ, ಏನಿದು ಅಂದಳು. ಹೇಳಿದೆ. ಸಿಮೆಂಟು ಮಾತ್ರ ಹಾಕಿಸಬೇಡಿ, ಈ ಗೋಡೆ ಉಸಿರಾಡಬೇಕು, ಅದನ್ನು ಕಟ್ಟಿಬಿಟ್ಟರೆ ತೇವ ಒಳಗೇ ನಿಂತು ಕೆಳಗಿನ ಕೋಣೆಗೆ ಬೂಸ್ಟು ಹಿಡಿಯುತ್ತೆ ಅಂದಳು. ನನಗೆ ಅಷ್ಟೇ ಬೇಕಾಗಿತ್ತು. ನೀನು ಮುಚ್ಚಿಸು ಅಂದದ್ದಕ್ಕೆ, ತಜ್ಞರು ಬೇಡ ಅಂದಿದ್ದಾರೆ ಅಂತ ಬರೆಯೋಣ ಅಂದುಕೊಂಡೆ. ನಿನ್ನೆ ಅದನ್ನೇ ಬರೆಯಲು ಕೂತೆ. ಪೆನ್ನು ಓಡಲಿಲ್ಲ.

ಯಾಕೆಂದರೆ ನೀವಿಬ್ಬರೂ ಆ ಕೋಣೆಗೆ ಬರುತ್ತೀರಿ. ಆಗ ನನ್ನ ದಿಂಬಿನ ಪಕ್ಕ ಕಂಡವರ ಮಾತಲ್ಲ, ನಿಮ್ಮ ಮಾತು. ಗಂಡ ಹೆಂಡತಿ ನೂರು ಆಡಿಕೊಳ್ಳುತ್ತೀರಿ, ಆಡಿಕೊಳ್ಳಬೇಕು. ಅಕ್ಕನ ಸಾರಿಗೆ ಉಪ್ಪು ಜಾಸ್ತಿ ಅಂತೀರಿ. ಅಕ್ಕನ ಗೊಣಗಾಟ ಸಾಕಾಯಿತು ಅಂತೀರಿ. ಅದು ನಿಮ್ಮಲ್ಲೇ ಇರಬೇಕಾದ ಮಾತು. ನನಗೆ ಕೇಳಬಾರದು. ಕೇಳಿಸಿಕೊಂಡರೆ ನಾನು ಸುಮ್ಮನಿರುವ ಜಾತಿಯವಳಲ್ಲ, ಅದು ನನಗೆ ಗೊತ್ತು. ನೀವು ಈ ಮನೆಯಲ್ಲಿ ನೆಮ್ಮದಿಯಾಗಿ ನಿಲ್ಲಬೇಕು ಅಂದರೆ ಆ ಕಿಂಡಿ ಇರಬಾರದು. ಬಿಸಿಲಿನ ಕೋಣೆ ಕೊಟ್ಟು ಮೇಲಕ್ಕೆ ಹತ್ತಿಸೋಣ ಅಂದರೆ ಟೀಚರಮ್ಮನ ಸೊಂಟಕ್ಕೆ ಆ ಮೆಟ್ಟಿಲು ಆಗಿಬರುವುದಿಲ್ಲ. ಆದ್ದರಿಂದ ಮೇಸ್ತ್ರಿಗೆ ಹೇಳಿ ಕಳಿಸಿದ್ದೇನೆ, ಸಿಮೆಂಟು ಬೇಡ, ಸುಣ್ಣದ ಗಾರೆಯಲ್ಲೇ ಮುಚ್ಚು ಅಂತ. ಬೂಸ್ಟು ಬಂದರೆ ಒರೆಸುತ್ತೇನೆ, ನನಗೇನು ಬೇರೆ ಕೆಲಸ.

ಇದನ್ನು ಬರೆಯುವಷ್ಟರಲ್ಲಿ ಅಳು ಬಂದುಬಿಟ್ಟಿತು, ಹುಚ್ಚಿ ಅನ್ನಬೇಡ. ಒಂದು ತೂತು ಮುಚ್ಚುವುದಕ್ಕೆ ಯಾರಾದರೂ ಅಳುತ್ತಾರಾ? ಚಹಾ ಮಾಡಿಕೊಳ್ಳಲು ಹೋಗುತ್ತೇನೆ.

ಭಾನುವಾರ

ಮೇಸ್ತ್ರಿ ಶುಕ್ರವಾರ ಬರುತ್ತೇನೆ ಅಂದವನು ನಿನ್ನೆ ಬಂದ. ನೆಪಕ್ಕೆ ಕಮ್ಮಿಯಿಲ್ಲ. ಅವನಿಗೆ ಬೀಗದ ಕೈ ಕೊಟ್ಟು, ಕೆಳಗಿನ ಕೋಣೆಯ ಗೋಡೆಯಲ್ಲಿ ಪೊಳ್ಳಿನ ಬಾಯಿ ಇದೆ ನೋಡಿ ಮುಚ್ಚಪ್ಪ ಅಂತ ಹೇಳಿ, ನಾನು ಲಾಂಡ್ರಿಗೆ ಹೋದೆ. ಎಲ್ಲಿ ಅಂತ ತೋರಿಸಿ ಹೋಗಬೇಕಿತ್ತು. ನಿಂತು ನೋಡಲು ಆಗುವುದಿಲ್ಲ ಅಂತಲೇ ಹೊರಟುಬಿಟ್ಟಿದ್ದೆ, ತೋರಿಸಬೇಕು ಅನ್ನುವುದೇ ತಲೆಗೆ ಹೋಗಲಿಲ್ಲ. ಲಾಂಡ್ರಿಯಲ್ಲಿ ಬೇಕೆಂದೇ ತಡಮಾಡಿ, ಅಲ್ಲಿನ ಬೆಂಚಿನ ಮೇಲೆ ಕೂತು ಯಂತ್ರದೊಳಗೆ ನಮ್ಮ ಹಾಸಿಗೆ ಬಟ್ಟೆ ತಿರುಗುವುದನ್ನು ನೋಡಿದೆ.

ವಾಪಸು ಬಂದಾಗ ಕೆಲಸ ಮುಗಿದಿತ್ತು. ಬೀರು ಆಚೆ ಸರಿದಿತ್ತು, ಗೂಡಿನೊಳಗೆ ಒದ್ದೆ ಸುಣ್ಣದ ತೇಪೆ, ನೆಲವನ್ನೂ ಗುಡಿಸಿ ಇಟ್ಟಿದ್ದ. ಅದು ಹೇಗಪ್ಪ ಸಿಕ್ಕಿತು ನಿನಗೆ ಅಂತ ಕೇಳಿದೆ. ನಾನು ಮೊಬೈಲ್ ಮನೆಯಲ್ಲೇ ಬಿಟ್ಟಿದ್ದೆ, ಗೋಡೆಯೆಲ್ಲ ತಡವಿ ಸಾಕಾಗಿ ನಿನಗೇ ಫೋನ್ ಮಾಡಿದನಂತೆ, ನಿನ್ನ ನಂಬರ್ ಅವನ ಹತ್ತಿರ ಮೊದಲಿಂದ ಇದೆಯಂತೆ. ನೀನು ಹೇಳಿದ್ದನ್ನು ನಿನ್ನದೇ ದನಿ ಮಾಡಿ ಒಪ್ಪಿಸಿದ. "ಬೀರು ಸರಿಸು, ಹಿಂದೆ ಗೂಡಿದೆ. ಗೂಡಿನ ಎಡಗಡೆ ಇಪ್ಪತ್ತಮೂರು ಅಂತ ಕೊರೆದ ಕಲ್ಲಿದೆ, ಅದರ ಕೆಳಗೆ ಕೈ ಹಾಕು. ಅಲ್ಲಿ ನಿಂತು ಏನು ಮಾತಾಡಿದರೂ ಸೀದಾ ಮೇಲೆ ಅಕ್ಕನ ದಿಂಬಿಗೆ ಹೋಗುತ್ತೆ." ನಿಮ್ಮ ತಮ್ಮನವರ ನೆನಪು ಅಂದರೆ ನೆನಪು ಅಮ್ಮಾ, ಕಣ್ಣು ಮುಚ್ಚಿಕೊಂಡು ಹೇಳಿದರು ಅಂತ ಮೇಸ್ತ್ರಿ ಹೊಗಳಿದ್ದೇ ಹೊಗಳಿದ್ದು. ಹೌದಪ್ಪ, ಚಿಕ್ಕಂದಿನಿಂದಲೂ ಅವನ ನೆನಪು ಚೆನ್ನಾಗಿದೆ ಅಂದೆ. ಅವನಿಗೆ ಚಹಾ ಕೊಟ್ಟು ಕಳಿಸಿದೆ.

ಮೇಲೆ ಹೋಗಿ ಮಂಚದ ಮೇಲೆ ಕೂತೆ. ಕೆಳಗಿನ ಕೋಣೆಗೆ ಮಧ್ಯಾಹ್ನವೇ ಒಂದು ಸಂಸಾರ ಬಂದಿತ್ತು, ಗಂಡ ಹೆಂಡತಿ ಮತ್ತು ಮಾತು ಕಲಿಯುತ್ತಿರುವ ಕೂಸು. ಸುಣ್ಣ ಒದ್ದೆಯಿದೆ ಅಂದರೂ ಪರವಾಗಿಲ್ಲ ಅಂದರು. ಅವರು ಒಳಗಿದ್ದಾರೆ ಅಂತ ನನಗೆ ಗೊತ್ತು, ಮೂರು ಜೊತೆ ಚಪ್ಪಲಿ ಕಮಾನಿನ ಕೆಳಗಿದೆ. ಆದರೂ ಏನೂ ಕೇಳಲಿಲ್ಲ. ಎಕ್ಸ್‌ಚೇಂಜ್ ಮುಚ್ಚಿದ ದಿನ ಬೋರ್ಡಿನ ದೀಪಗಳನ್ನೆಲ್ಲ ಆರಿಸಿ ನಮ್ಮನ್ನು ಮನೆಗೆ ಕಳಿಸಿದ್ದರಲ್ಲ, ಅವತ್ತೂ ಹೀಗೇ ಕೂತಿದ್ದೆ. ಕತ್ತಲಾದರೂ ಎದ್ದು ದೀಪ ಹಾಕಲಿಲ್ಲ. ಇವತ್ತು ಬೆಳಿಗ್ಗೆ ಆ ಹೆಂಗಸು ಕೂಸಿಗೆ ಹಾಲು ಬೆಚ್ಚಗೆ ಬೇಕಿತ್ತು ಅಂತ ತಾನೇ ಅಡಿಗೆಮನೆಗೆ ಬಂದು ಕೇಳಿದಳು. ಎಲ್ಲ ಕಡೆ ಹಾಗೆಯೇ ತಾನೇ, ಬೇಕಾದವರು ಬಂದು ಕೇಳುತ್ತಾರೆ. ನಾನೂ ರೂಢಿ ಮಾಡಿಕೊಳ್ಳಬೇಕು.

ಡಿಸೆಂಬರ್ ಮೊದಲ ವಾರದಿಂದ ಕೆಳಗಿನ ಕೋಣೆಗೆ ಬುಕಿಂಗ್ ನಿಲ್ಲಿಸಿದ್ದೇನೆ. ಪರದೆ ಹಾಕಿ ಆಯಿತು. ನಿಮ್ಮ ಸಾಮಾನು ಜಾಸ್ತಿ ಇದ್ದರೆ ಮೊದಲೇ ಹೇಳು, ಹಜಾರದಲ್ಲಿ ಜಾಗ ಮಾಡುತ್ತೇನೆ. ಟೀಚರಮ್ಮನ ಪುಸ್ತಕಗಳಿಗೆ ಕಿಟಕಿಯ ಕಟ್ಟೆ ಇದೆ. ಬೀರನ್ನು ಆಚೆ ಗೋಡೆಗೆ ಹಾಕಿಸಿದ್ದೇನೆ, ಸುಣ್ಣ ಒಣಗುವ ತನಕ ಅಲ್ಲೇ ಇರಲಿ. ಚಳಿ ಈ ವರ್ಷ ಜಾಸ್ತಿ, ಕಲ್ಲಿನ ನೆಲ ಕಾಲು ಕಚ್ಚುತ್ತದೆ, ಉಣ್ಣೆಯ ಕಾಲುಚೀಲ ತನ್ನಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಬೇಡ ಅನ್ನಬೇಡ. ಆಟೋದವನ ಹತ್ತಿರ ಗೆಸ್ಟ್ ಹೌಸಿಗೆ ಅನ್ನಬೇಡಿ, ಮನೆಗೆ ಅನ್ನಿ.

ಇಬ್ಬರಿಗೂ ಆರೋಗ್ಯ ಚೆನ್ನಾಗಿರಲಿ. ಇಷ್ಟು ವರ್ಷ ಸಿಗ್ನಲ್ ದೀಪ ಕಾದು ಊರವರನ್ನೆಲ್ಲ ಮನೆ ಸೇರಿಸಿದವನು, ನೀನೂ ಸುಖವಾಗಿ ಮನೆ ಸೇರು. ಇಲ್ಲಿ ನಿನಗೆ ಯಾವ ಕೊರತೆಯೂ ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ

ತಾ.ಕ. ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಡಿಸಿದೆ. ನೀವಿದ್ದಾಗ ಬೀರು ಅಡ್ಡ ಇತ್ತು, ಏನೂ ಕೇಳುತ್ತಿರಲಿಲ್ಲ ಅಂತ ಬರೆದಿದ್ದೇನಲ್ಲ, ಅದು ಸುಳ್ಳು. ನಿಮ್ಮ ಮಾತು ಕೇಳಬಾರದು ಅಂತ ದಿನಾ ಕಿಂಡಿಗೆ ಹಳೆಯ ಟವೆಲ್ ತುರುಕಿಟ್ಟು ಮಲಗುತ್ತಿದ್ದೆ. ಒಂದು ಸಂಜೆ ಅದನ್ನು ಒಗೆಯಲು ಹಾಕಿದ್ದೆ. ನಿನಗೆ ಆಗ ತಾನೇ ವರ್ಗದ ಆರ್ಡರ್ ಬಂದಿತ್ತು, ಬೇಡ ಅಂದಿದ್ದರೆ ರದ್ದು ಮಾಡಿಸಬಹುದಿತ್ತು. ಅಕ್ಕನೊಬ್ಬಳನ್ನೇ ಬಿಟ್ಟು ಹೇಗೆ ಹೋಗೋದು ಅಂತ ಟೀಚರಮ್ಮ ಕೇಳಿದಳು. ನೀನು ಹೇಳಿದೆ, "ನಾನಾಗಿ ಹೋಗ್ತೀನಿ ಅಂದ್ರೆ ಜನ ಮುಖಕ್ಕೆ ಉಗೀತಾರೆ. ಅವಳೇ ಬಾಯಿಬಿಟ್ಟು ಹೋಗು ಅಂದುಬಿಟ್ರೆ ಸಾಕು, ಒಂದು ದಿನ ನಿಲ್ಲಲ್ಲ ನಾನು." ಮಾರನೆಯ ಬೆಳಿಗ್ಗೆ ಚಹಾ ಕೊಡುತ್ತಾ, ಗೆಸ್ಟ್ ಹೌಸ್ ಮಾಡಬೇಕು ಅಂತಿದ್ದೀನಿ, ಕೋಣೆಗಳು ಬೇಕಾಗುತ್ತೆ ಅಂದೆ. ನೀನು ಯಾಕೆ ಅಂತ ಕೇಳಲಿಲ್ಲ. ಯಾವಾಗ ಅಂತ ಕೇಳಿದೆ.

ಜನ ಏನೇನೋ ಆಡಿಕೊಂಡಾಗಲೂ ನಾನು ತಲೆಯೆತ್ತಿ ಓಡಾಡಿದ್ದು ಒಂದೇ ಧೈರ್ಯದ ಮೇಲೆ. ನಮ್ಮ ಪುಟ್ಟುವಿಗೆ ಕಿಂಡಿಯ ನೆನಪೇ ಇಲ್ಲ, ನನಗೆ ಕೇಳಲಿ ಅಂತ ಆಡಿದ್ದಲ್ಲ, ಕೋಣೆಯೊಳಗೆ ಹೆಂಡತಿಯ ಹತ್ತಿರ ಬೇಸತ್ತು ಆಡಿದ್ದು ಅಂತ. ನಿನ್ನ ಕಾಗದದಲ್ಲಿ 'ಎಲ್ಲೋ ಸಂದು' ಅಂತ ಓದಿದಾಗ ಎಷ್ಟು ಹಗುರವಾಗಿತ್ತು ಗೊತ್ತಾ. ನಿನ್ನೆ ಮೇಸ್ತ್ರಿ ಬಂದು ಕಲ್ಲಿನ ಸಂಖ್ಯೆ ಸಮೇತ ಹೇಳಿದ. ಆಗಿನಿಂದ ಒಂದೇ ಪ್ರಶ್ನೆ ಪುಟ್ಟು. ಅವತ್ತು ನೀನು ಆ ಮಾತನ್ನು ಹೇಳಿದ್ದು ಅವಳಿಗಾ, ನನಗಾ?

ಬಂದ ಮೇಲೆ ಇದನ್ನು ಎತ್ತಬೇಡ, ನಾನೂ ಎತ್ತುವುದಿಲ್ಲ. ಹೊರಡುವ ಮೊದಲು ಒಂದು ಸಾಲು ಬರೆದು ಹಾಕು. ಮೇಸ್ತ್ರಿ ಫೋನ್ ಮಾಡಿದ ಮೇಲಷ್ಟೇ ನೆನಪಾಯಿತು ಅಂತ ಬರೆ, ಸಾಕು. ನಾನು ನಂಬುತ್ತೇನೆ.